ಪಂಚೆಯ ಹನ್ನೆರಡನೇ ತುಂಡು

೫ ಮಾರ್ಚ್ ೨೦೦೭, ಸೋಮವಾರ

ನಿನ್ನೆ ಬೆಳಿಗ್ಗೆ ಮಗ ಬಾಲರಾಜನಿಗೆ ಹೆಣ್ಣು ಮಗು ಹುಟ್ಟಿತು. ಅವನ ಹೆಂಡತಿ ಮೋನಿಕಾ ತವರಿನಲ್ಲಿದ್ದಾಳೆ, ಮಲ್ಲಂದೂರಿನ ಆಚೆ ಒಂದು ತೋಟದ ಕೂಲಿ ಲೈನಿನ ಮನೆಯಲ್ಲಿ. ಹೆರಿಗೆ ಸುಸೂತ್ರ ಆಯಿತಂತೆ, ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದರಂತೆ.

ನಮ್ಮ ಮನೆಗೆ ಪುರುಡು ಬಂತು. ಹನ್ನೊಂದನೇ ದಿನದವರೆಗೆ ದೇವರಿಗೆ ದೀಪ ಇಲ್ಲ, ಹೂವಿಲ್ಲ, ಹರಕೆ ಕಟ್ಟಿಕೊಳ್ಳೋ ಹಾಗೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಐದೂವರೆಗೆ ದೀಪ ಹಚ್ಚಿದವಳು ನಾನು. ಇವತ್ತು ಆ ಹೊತ್ತಿಗೆ ಎದ್ದು ಸ್ನಾನ ಮಾಡಿ ಕೈ ಎಲ್ಲಿಡೋದು ಅಂತ ಗೊತ್ತಾಗದೆ ಕೂತೆ. ಏಳನೇ ಕ್ಲಾಸು ಓದಿದ್ದು ಇನ್ಯಾವತ್ತಿಗೆ ಉಪಯೋಗ ಅಂತ ಬಾಲರಾಜನ ಹಳೆ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಹುಡುಕಿ ಬರೆಯುತ್ತಿದ್ದೇನೆ. ದೀಪದ ಹೊತ್ತು ಇದರಲ್ಲಿ ಕಳೆಯಲಿ.

ನಿಜ ಬರೀಬೇಕು ಅಂದರೆ ನನಗೆ ಹೆದರಿಕೆ.

ನಮ್ಮ ಮನೆಯಲ್ಲಿ ಒಂದು ಕಟ್ಟು ಇದೆ. ಮೊದಲ ಮಗುವಿನ ಮುಖವನ್ನು ಅಪ್ಪನ ತಾಯಿ ಹನ್ನೊಂದನೇ ದಿನದವರೆಗೆ ನೋಡಬಾರದು. ೧೯೭೮ರಲ್ಲಿ ನನ್ನ ಮೊದಲನೆಯವಳು ಗೋಣಿಬೀಡಿನ ನನ್ನ ತವರಿನಲ್ಲಿ ಹುಟ್ಟಿದಾಗ, ಇವರ ತಾಯಿ ಅಣ್ಣಮ್ಮ, ಆ ಮುದುಕಿ, ತಡೆಯಲಾರದೆ ಏಳನೇ ದಿನವೇ ಬಸ್ಸು ಹತ್ತಿ ಬಂದು ನೋಡಿಬಿಟ್ಟಳು. ಒಂಬತ್ತನೇ ದಿನ ಮಗು ಹೋಯಿತು. ಆಮೇಲೆ ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಅನ್ನ ಬಡಿಸಿದೆ, ಬಟ್ಟೆ ಒಗೆದೆ, ಆದರೆ ಒಂದು ದಿನವೂ ನನ್ನ ಕೈಯಾರೆ ಒಂದು ಲೋಟ ನೀರು ಕೊಡಲಿಲ್ಲ. ಕೊನೆಯಲ್ಲಿ ಬಾಯಿಗೆ ನೀರು ಬಿಟ್ಟದ್ದೂ ಇವರೇ. ಅವಳ ಫೋಟೋ ಈಗಲೂ ಅಟ್ಟದಲ್ಲಿದೆ.

ಅದಕ್ಕೇ ಬೀಗಿತ್ತಿ ದೇವೀರಮ್ಮನಿಗೆ ಮೊದಲೇ ಹೇಳಿ ಕಳಿಸಿದ್ದೇನೆ, ಹದಿನಾಲ್ಕನೇ ತಾರೀಖಿನವರೆಗೆ ನಾನು ಬರಲ್ಲ, ನೀವೂ ಕರೀಬೇಡಿ ಅಂತ.

ಇವರ ಹಳೇ ಬಿಳಿ ಪಂಚೆಯನ್ನು ಕುದಿಸಿ, ನೀಲಿಯಲ್ಲಿ ಅದ್ದಿ ಒಣಗಿಸಿ, ಹನ್ನೆರಡು ತುಂಡು ಹರಿದಿದ್ದೆ, ಮಗುವಿಗೆ ಸುತ್ತೋಕೆ. ಹನ್ನೊಂದು ಕಳಿಸಿದೆ. ಹನ್ನೆರಡನೆಯದು ನನ್ನ ಹತ್ತಿರ ಇದೆ. ಹನ್ನೊಂದನೇ ದಿನ ನಾನೇ ಸುತ್ತಿ ಎತ್ತಿಕೊಳ್ಳಬೇಕು.

೭ ಮಾರ್ಚ್, ಬುಧವಾರ

ಬಾಲರಾಜ ಬಂದಿದ್ದ. ತೋಟಗಳಿಂದ ಕಾಫಿ ಮೂಟೆ ತರೋ ಪಿಕಪ್ ಓಡಿಸುತ್ತಾನೆ ಅವನು. ನಾನು ಬೀಜ ಆರಿಸೋ ಕಾಫಿ ಕ್ಯೂರಿಂಗ್ ಕಾರ್ಖಾನೆಗೇ ಅವನ ಲೋಡು ಬರೋದು.

"ಅವ್ವ, ಕಣ್ಣು ಮುಚ್ಕೊ," ಅಂದ.

"ಯಾಕೋ?"

"ಮಗು ತಂದಿದ್ದೀನಿ." ಹೊಸ ಫೋನು ಮುಂದೆ ಹಿಡಿದ.

ನಾನು ಗೋಡೆಗೆ ಸರಿದೆ. "ಬೇಡ ಕಣೋ. ಹನ್ನೊಂದಾಗಿಲ್ಲ."

ಇವರು ಜಗಲಿ ಮೇಲಿಂದ ನಕ್ಕರು. "ಏ ಮಾರಾಯ್ತಿ, ಫೋನಿಗೆ ಎಂಥ ಪುರುಡು? ನೀನು ಅಲ್ಲಿಗೆ ಹೋಗಿಲ್ಲ, ಚಿತ್ರ ಇಲ್ಲಿಗೆ ಬಂದಿದೆ ಅಷ್ಟೆ."

ಚಿತ್ರ ನೋಡಬಾರದು ಅಂತ ಕಟ್ಟಿನಲ್ಲಿ ಇಲ್ಲ. ನೋಡಿದೆ.

ಗುಲಾಬಿ ಬಣ್ಣ. ಕೆನ್ನೆ, ಕಿವಿ, ಪುಟ್ಟ ಮುಷ್ಟಿ, ಎಲ್ಲ ಗುಲಾಬಿ. ಇವರು ಫೋನು ಕಿತ್ತುಕೊಂಡು, "ಯಾರ ಮನೆ ಮಗು ಎತ್ಕೊಂಡು ಬಂದ್ಯೋ? ನನ್ನ ಬಣ್ಣ ನೋಡು, ನಿಮ್ಮವ್ವನ ಬಣ್ಣ ನೋಡು" ಅಂದರು. ನಗು ಬಂತು. ಬಾಲರಾಜ ದಾರಿಯುದ್ದಕ್ಕೂ ಟೀ ಅಂಗಡಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದಾನೆ. "ಈ ಫೋನಲ್ಲಿ ಬಣ್ಣ ಸಖತ್ತಾಗಿ ಬರುತ್ತೆ ಅವ್ವ," ಅಂದ. ಬಾಗಿಲ ಬೆಳಕಿಗೆ ಒಂದು ಕ್ಷಣ ತಂದಾಗ ತೆಗೆದದ್ದಂತೆ.

ಆ ಹುಡುಗಿ ಹೇಗಿದ್ದಾಳೆ ಅಂತ ಕೇಳಿದ್ದಕ್ಕೆ, ಮಗು ಹಾಲು ಸರಿಯಾಗಿ ಕುಡೀತಿಲ್ಲ ಅಂತ ಅಳ್ತಾಳೆ ಅಂದ. ಕುಡಿಸೋಕೆ ಬರಬೇಕಲ್ಲ ಅವಳಿಗೆ. ತಲೆ ಬಾಚೋದೇ ಅರ್ಧ ಗಂಟೆ.

ಕೆಲಸದಲ್ಲಿ ಒಂದು ಮಾತು ಬಂತು. ನಮ್ಮದು ಹಸಿರು ಬೀಜದಲ್ಲಿ ಕಪ್ಪು, ಕಂದು, ಬಿಳಚಿದ ಬೀಜ ಆರಿಸಿ ತೆಗೆಯೋ ಕೆಲಸ. ನಾನು ಆರಿಸಿದ ರಾಶಿಯಲ್ಲಿ ಕಂದು ಬೀಜ ಉಳಿದಿದ್ದವಂತೆ. ಸೂಪರ್‌ವೈಸರ್ ಪರಮೇಶ್ವರಪ್ಪನವರು ಎಲ್ಲರ ಮುಂದೆ ಹೇಳಲಿಲ್ಲ, ಹತ್ತಿರ ಬಂದು ಮೆಲ್ಲಗೆ, "ಅಂಜನಮ್ಮ, ಒಂದ್ಸಲ ಕಣ್ಣು ತೋರಿಸ್ಕೊಳಿ. ಐವತ್ತಾಯ್ತಲ್ಲ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ. ಕಣ್ಣು ಹೋದರೆ ನನಗೆ ಇನ್ಯಾವ ಕೆಲಸ ಗೊತ್ತು?

೮ ಮಾರ್ಚ್, ಗುರುವಾರ



ಕ್ಯೂರಿಂಗಿನಲ್ಲಿ ತೂಕದ ಚೀಟಿ ಬರೆಯೋ ಹುಡುಗಿ ವರ್ಷಿಣಿ ಹತ್ತಿರವೂ ಕ್ಯಾಮೆರಾ ಫೋನಿದೆ. ಬಾಲರಾಜ ಲೋಡು ಇಳಿಸೋಕೆ ಬಂದಾಗ, ಮಗುವಿನ ಚಿತ್ರ ಅವಳಿಗೂ ಕೊಡೋ, ಮಧ್ಯಾಹ್ನ ಬಿಡುವಿನಲ್ಲಿ ನೋಡ್ತೀನಿ ಅಂದೆ. ಎರಡು ಫೋನು ಪಕ್ಕಪಕ್ಕ ಇಟ್ಟುಕೊಂಡು ಅದೇನೋ ಮಾಡಿದರು. ಚಿತ್ರ ಅವಳ ಫೋನಿಗೆ ಹೋಯಿತು, ಅವನು ಹೊರಟ.

ಊಟದ ಹೊತ್ತಿಗೆ ನೋಡಿದೆ. ಅದೇ ಮಗು, ಅದೇ ಮುಷ್ಟಿ. ಆದರೆ ಹಳದಿ. ಅರಿಸಿನ ಅರೆದು ಹಚ್ಚಿದ ಹಾಗೆ.

"ಇದೇನು ಹೀಗಿದೆ?" ಅಂದೆ.

"ನನ್ನ ಫೋನು ಹಳೇದು ಆಂಟಿ, ಸ್ಕ್ರೀನೇ ಹಾಗೆ," ಅಂದಳು ವರ್ಷಿಣಿ.

ಸುತ್ತ ಹೆಂಗಸರು ಸೇರಿದರು. ಅರಿಸಿನ ಎಣ್ಣೆ ಹಚ್ಚಿ ಎರೆದಿರ್ತಾರೆ ಬಿಡಕ್ಕ ಅಂತ ಒಬ್ಬಳು. ಇನ್ನೊಬ್ಬಳು, "ಬೆಳ್ಳಗೆ ಬೇಕಾದ್ರೆ ಮಗನ ಫೋನಲ್ಲಿ ನೋಡು, ಬಂಗಾರ ಬೇಕಾದ್ರೆ ಇವಳ ಫೋನಲ್ಲಿ ನೋಡು. ಒಂದೇ ಮಗುವಿಗೆ ಎರಡು ಬಣ್ಣ, ಪುಣ್ಯವಂತೆ ನೀನು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಂಗಾರ ಅಂದಳಲ್ಲ, ಆ ಮಾತು ಆಮೇಲೆ ನನ್ನನ್ನು ಬಿಡಲಿಲ್ಲ. ನನ್ನ ಮೊದಲನೆಯವಳನ್ನು ನೋಡಿದವರೆಲ್ಲ ಹಾಗೇ ಅಂದಿದ್ದರು. ಬಂಗಾರದ ಗೊಂಬೆ ಹೆತ್ತಿದ್ದೀ ಕಣೇ ಅಂತ. ಬಾಣಂತಿ ಕೋಣೆಗೆ ಕಿಟಕಿ ಇರಲಿಲ್ಲ, ಸೀಮೆಎಣ್ಣೆ ಬುಡ್ಡಿ ಒಂದೇ. ಆ ಬೆಳಕಿನಲ್ಲಿ ನನಗೂ ಬಂಗಾರವೇ ಕಂಡಿತ್ತು.

ಯಾವ ಫೋನು ನಿಜ? ಅಥವಾ ಪರಮೇಶ್ವರಪ್ಪನವರು ಹೇಳಿದ ಹಾಗೆ ನನ್ನ ಕಣ್ಣೇ ಕೆಟ್ಟಿದೆಯಾ? ಕಣ್ಣಿಗೆ ಪೊರೆ ಬಂದರೆ ಎಲ್ಲ ಹಳದಿ ಕಾಣುತ್ತಂತೆ.

ಹೊರನಾಡಮ್ಮನ ಹೆಸರು ಬಾಯಿಗೆ ಬಂತು. ಪುರುಡಿನಲ್ಲಿ ಹೇಳಬಾರದು ಅಂತ ನುಂಗಿಕೊಂಡೆ.

೯ ಮಾರ್ಚ್, ಶುಕ್ರವಾರ

ಅನ್ನ ಸೇರುತ್ತಿಲ್ಲ. ಬೆಳಿಗ್ಗೆ ಅಡುಗೆ ಕಟ್ಟೆ ಮೇಲೆ ಉಪ್ಪು, ಸಕ್ಕರೆ, ಅಕ್ಕಿ, ಕಡಲೆಬೇಳೆ, ಅರಿಸಿನ ಸಾಲಾಗಿ ಇಟ್ಟು ನೋಡಿದೆ. ಉಪ್ಪು ಬಿಳಿ ಕಂಡಿತು. ಅಕ್ಕಿ ಅಕ್ಕಿಯ ಹಾಗೇ ಕಂಡಿತು. ಆದರೆ ಗೊತ್ತಿರೋ ಸಾಮಾನು ಗೊತ್ತಿರೋ ಬಣ್ಣದಲ್ಲಿ ಕಾಣೋದು ಯಾವ ದೊಡ್ಡ ಪರೀಕ್ಷೆ?

ಇವರು ನೋಡಿ, "ಏನಿದು, ಪೂಜೆ ಇಲ್ಲ ಅಂತ ಅಡುಗೆಮನೆಯಲ್ಲೇ ನೈವೇದ್ಯ ಇಡ್ತಿದ್ದೀಯಾ?" ಅಂದರು. ನಾನು ಅರಿಸಿನದ ಡಬ್ಬಿ ಮುಚ್ಚಿ ಒಳಗಿಟ್ಟೆ.

ಸಂಜೆ ಬಾಲರಾಜನಿಗೆ ಹೇಳಿದೆ. ಸಿಟ್ಟು ಮಾಡಿದ. "ಅವ್ವ, ನನ್ನ ಫೋನು ಹೊಸದು. ಅವಳದ್ದು ಕೈಯಿಂದ ಕೈಗೆ ಬಂದದ್ದು. ಹಳೆ ಡಬ್ಬಾ ನಂಬ್ತೀಯಾ, ಇದನ್ನ ನಂಬಲ್ವಾ?"

"ಹಾಗಾದ್ರೆ ಮೋನಿಕಾಗೆ ಫೋನ್ ಹಚ್ಚು."

ಲೈನಿನವರ ಫೋನಿಗೆ ಮಾಡಿ ಅವಳನ್ನು ಕರೆಸಿದ. ಮಗು ಯಾವ ಬಣ್ಣ ಇದೆ ಹೇಳು ಅಂದೆ.

"ಕೋಣೇಲಿ ಕತ್ತಲೆ ಅತ್ತೆ. ಗಾಳಿ ಬೀಳುತ್ತೆ ಅಂತ ಅವ್ವ ಕಿಟಕಿಗೆ ಕಂಬಳಿ ಕಟ್ಟಿದ್ದಾಳೆ. ದಿನಾ ಅರಿಸಿನ ಎಣ್ಣೆ ಹಚ್ತಾಳೆ, ನಂಗೂ ಹಚ್ತಾಳೆ. ನಾವಿಬ್ರೂ ಹಳದೀನೇ."

"ಹಾಲು?"

ಬಾಯಿಗೆ ಸೆರಗು ಇಟ್ಟುಕೊಂಡ ಹಾಗೆ ಧ್ವನಿ. "ನಿನ್ನೆಯಿಂದ ಎಬ್ಬಿಸಿದ್ರೂ ಏಳ್ತಿಲ್ಲ ಅತ್ತೆ. ಪಾದ ತಟ್ಟಿದ್ರೆ ಸಣ್ಣಗೆ ಕೂಗುತ್ತೆ, ಬೆಕ್ಕಿನಮರಿ ಥರ. ಮತ್ತೆ ಮಲಗುತ್ತೆ. ಒಳ್ಳೇ ಮಗು, ಅಳೋದೇ ಇಲ್ಲ ಅಂತಾರೆ ಎಲ್ಲರೂ. ನಂಗೆ ಭಯ ಆಗ್ತಿದೆ. ನೀವು ಬರಲ್ವಾ?"

ನನ್ನ ಮೊದಲನೆಯವಳೂ ಅಳುತ್ತಿರಲಿಲ್ಲ.

ನಾನು ಬರಬಾರದು ಕಣಮ್ಮ ಅಂದೆ. ಹಾಗೆ ಹೇಳಿ ಫೋನು ಕೊಟ್ಟುಬಿಟ್ಟೆ.

೧೦ ಮಾರ್ಚ್, ಶನಿವಾರ

ಚಿಕ್ಕಮಗಳೂರಿನ ಆಸ್ಪತ್ರೆ. ಸಂಜೆ. ವರಾಂಡದ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ಬಿಡುತ್ತಿಲ್ಲ. ಬರೆಯದೆ ಇದ್ದರೆ ತಲೆ ಕೆಡುತ್ತೆ.

ಕ್ಯೂರಿಂಗಿನಲ್ಲಿ ಹೊಸಬರಿಗೆ ಮೊದಲ ದಿನ ಕಲಿಸೋದು ಒಂದೇ ಪಾಠ. ಬೀಜದ ಬಣ್ಣದ ಮೇಲೆ ಅನುಮಾನ ಬಂದರೆ ಬೀಜವನ್ನೇ ದಿಟ್ಟಿಸುತ್ತಾ ಕೂರಬೇಡ. ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ ಉತ್ತರದ ಕಿಟಕಿಗೆ ತಗೊಂಡು ಹೋಗು. ತಟ್ಟೆ ಬಿಳಿ ಕಂಡರೆ ಬೆಳಕು ಸರಿಯಿದೆ. ತಟ್ಟೆಯೇ ಹಳದಿ ಕಂಡರೆ ದೋಷ ಬೆಳಕಿನದ್ದು, ಬೀಜಕ್ಕೆ ಬೈಯಬೇಡ. ಎಷ್ಟು ಹುಡುಗಿಯರಿಗೆ ನಾನೇ ಕಲಿಸಿದ್ದೇನೆ. ಬೆಳಿಗ್ಗೆ ತಟ್ಟೆ ಕೈಗೆತ್ತಿಕೊಂಡಾಗ ಹೊಳೆಯಿತು. ಎರಡು ದಿನದಿಂದ ನಾನು ಮಗುವನ್ನೇ ದಿಟ್ಟಿಸಿದ್ದೇನೆ. ಮಗುವಿಗೆ ಸುತ್ತಿದ ಬಟ್ಟೆ ನೋಡಿಲ್ಲ.

ಹನ್ನೆರಡನೇ ತುಂಡು ಚೀಲದಲ್ಲೇ ಇತ್ತು. ಬಾಲರಾಜನ ಫೋನು, ವರ್ಷಿಣಿಯ ಫೋನು ಎರಡನ್ನೂ ಇಸಿದುಕೊಂಡು ಉತ್ತರದ ಕಿಟಕಿಯಲ್ಲಿ ಇಟ್ಟು, ನಡುವೆ ಆ ತುಂಡು ಹಾಸಿದೆ. ವರ್ಷಿಣಿಯ ಫೋನಿನಲ್ಲಿ ಮಗುವಿಗೆ ಸುತ್ತಿದ ಪಂಚೆ ತುಂಡು ನನ್ನ ಕೈಲಿರೋ ಬಟ್ಟೆಯ ಹಾಗೇ ಇತ್ತು, ನೀಲಿಯಲ್ಲಿ ಅದ್ದಿದ ಬಿಳಿ. ಬಾಲರಾಜನ ಫೋನಿನಲ್ಲಿ ಅದೇ ಬಟ್ಟೆ ಗುಲಾಬಿ.

"ಬಾ ಇಲ್ಲಿ," ಅಂದೆ. "ನಿಮ್ಮಪ್ಪ ಯಾವತ್ತಾದ್ರೂ ಗುಲಾಬಿ ಪಂಚೆ ಉಟ್ಟಿದ್ದು ನೋಡಿದ್ದೀಯೇನೋ?"

ಅವನು ನೋಡಿದ. ಒಂದು ಫೋನು, ಇನ್ನೊಂದು ಫೋನು, ಬಟ್ಟೆ. ಮತ್ತೆ ನೋಡಿದ.

"ನಿನ್ನ ಫೋನು ಎಲ್ಲಕ್ಕೂ ಕೆಂಪು ಬಳೀತದೆ ಮಗನೇ. ಪಂಚೆಗೂ ಬಳಿದಿದೆ, ಮಗುವಿಗೂ ಬಳಿದಿದೆ. ಮಗು ಹಳದಿ ಇದೆ."

ಪರಮೇಶ್ವರಪ್ಪನವರು ಹಿಂದೆ ಬಂದು ನಿಂತಿದ್ದರು. ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಮೂಟೆ ಆಮೇಲೆ ಇಳಿಸಿದ್ರಾಯ್ತು. ಹೊರಡಿ," ಅಂದರು.

ಬಾಲರಾಜ ಮಲ್ಲಂದೂರಿನ ಕಡೆ ಗಾಡಿ ಓಡಿಸಿದ. ಇವತ್ತು ಏಳನೇ ದಿನ ಅಂತ ದಾರಿಯಲ್ಲಿ ಲೆಕ್ಕ ಸಿಕ್ಕಿತು. ಆ ಮುದುಕಿ ಬಂದದ್ದೂ ಏಳನೇ ದಿನವೇ. ಗಾಡಿ ನಿಲ್ಲಿಸು, ನಾನು ಇಳೀತೀನಿ, ನೀನೇ ಹೋಗಿ ಕರೆತಾ ಅನ್ನೋಣ ಅಂತ ಎರಡು ಸಲ ಬಾಯಿ ತೆರೆದೆ. ಆದರೆ ಅವನ ಕಣ್ಣನ್ನು ನಂಬಲಾರೆ. ಗುಲಾಬಿ ನೋಡಿ ಅಭ್ಯಾಸವಾದ ಕಣ್ಣು ಅದು.

ಲೈನಿನ ಬಾಗಿಲಲ್ಲಿ ದೇವೀರಮ್ಮ ಅಡ್ಡ ನಿಂತಳು. "ಅಯ್ಯೋ ಬೀಗರೇ, ಹನ್ನೊಂದಾಗಿಲ್ಲ! ನಿಮ್ಮದೇ ಕಟ್ಟು, ನೀವೇ ಹೇಳಿ ಕಳಿಸಿದ್ದು. ನಾಳೆ ಏನಾದ್ರೂ ಆದ್ರೆ ನನ್ನ ಮಗಳು ಯಾರನ್ನ ಕೇಳಬೇಕು?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಕಾಲು ಹೊಸಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು, ಮಗುವಿಗೆ ಹುಷಾರಿಲ್ಲ, ಬೆಳಕಿಗೆ ತನ್ನಿ ಅಂದೆ. ತರಲ್ಲ ಅಂದಳು.

ಆಗ ಒಳಗಿಂದ ಮೋನಿಕಾ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು, ಅವಳ ಅವ್ವನ ಕೈ ಪಕ್ಕಕ್ಕೆ ಸರಿಸಿ ಅಂಗಳಕ್ಕೆ ಇಳಿದು ಮಗುವನ್ನು ನನ್ನ ಕೈಗೆ ಇಟ್ಟಳು. "ನೋಡಿ ಅತ್ತೆ."

ನೋಡಿದೆ.

ಸೆರಗಿನಿಂದ ಎಣ್ಣೆ ಅರಿಸಿನ ಒರೆಸಿದೆ. ಎದೆ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದ ಜಾಗವೂ ಹಳದಿ. ಅಂಗಾಲು ಹಳದಿ. ರೆಪ್ಪೆ ಬಿಡಿಸಿದೆ, ಕಣ್ಣಿನ ಬಿಳಿಯೂ ಹಳದಿ. ಎಣ್ಣೆ ಅರಿಸಿನ ಕಣ್ಣೊಳಗೆ ಹೋಗಲ್ಲ.

"ಗಾಡಿ ತಿರುಗಿಸೋ," ಅಂದೆ.

ದಾರಿಯುದ್ದಕ್ಕೂ ಹೊರನಾಡಮ್ಮನನ್ನು ಕೂಗಿದೆ, ಬಾಯಿ ಬಿಟ್ಟೇ ಕೂಗಿದೆ. ಪುರುಡು ಅಂತ ಮರೆತೇ ಹೋಗಿತ್ತು. ಈಗ ನೆನಪಾಗಿ ಅದಕ್ಕೂ ಭಯ. ನನ್ನ ಕಣ್ಣು ಮಗುವಿನ ಮೇಲೆ ಬಿತ್ತು, ಏಳನೇ ದಿನ. ತಾಯಿ, ನಾನೇನು ಮಾಡಿದೆ?

೧೧ ಮಾರ್ಚ್, ಭಾನುವಾರ

ಕಾಮಾಲೆ. ರಕ್ತದಲ್ಲಿ ಹಳದಿಯ ಅಂಶ ಇಪ್ಪತ್ಮೂರು ಇದೆಯಂತೆ. ಇನ್ನೂ ಏರಿದರೆ ಬೇರೆ ಊರಿಗೆ ಕಳಿಸಿ ಮೈಯ ರಕ್ತವನ್ನೇ ಬದಲಾಯಿಸಬೇಕಂತೆ. ತಲೆಗೆ ಏರಿದರೆ ಬದುಕಿದರೂ ಕಿವಿ ಕೇಳದೆ, ಕೈಕಾಲು ಬಾರದೆ ಹೋಗಬಹುದಂತೆ. ಡಾಕ್ಟರಮ್ಮ ಇದನ್ನೆಲ್ಲ ನಿಧಾನವಾಗಿಯೇ ಹೇಳಿದರು. ಯಾರಾದರೂ ಕೂಗಾಡಿದರೆ ಇಷ್ಟು ಭಯ ಆಗಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದ್ದಾರೆ. ಕಣ್ಣಿಗೆ ಪಟ್ಟಿ. ಬಾಗಿಲ ಸಂದಿಯಿಂದ ನೋಡಿದೆ. ಆ ನೀಲಿಯಲ್ಲಿ ನನ್ನ ಕಣ್ಣು ಏನೂ ಕೆಲಸಕ್ಕೆ ಬರಲ್ಲ. ಬಟ್ಟೆ ನೀಲಿ, ಮಗು ನೀಲಿ, ನರ್ಸಮ್ಮನ ಕೈ ನೀಲಿ. ಕಮ್ಮಿಯಾಯಿತಾ ಜಾಸ್ತಿಯಾಯಿತಾ ಹೇಗೆ ತಿಳಿಯೋದು?

ಬಾಲರಾಜ ಡಾಕ್ಟರಮ್ಮನಿಗೆ ಫೋನು ತೋರಿಸಿದ. "ನೋಡಿ ಮೇಡಂ, ಹೀಗಿತ್ತು, ನಮಗೆ ಹೇಗೆ ಗೊತ್ತಾಗ್ಬೇಕು" ಅಂತ.

ಅವರು ನೋಡಿ ವಾಪಸ್ಸು ಕೊಟ್ಟರು. "ಇದನ್ನ ಮಾತ್ರ ಕಳಿಸಿದ್ರೆ ನಾನೂ ಮಗು ಚೆನ್ನಾಗಿದೆ ಅಂತಿದ್ದೆ. ಯಾರು ಕಂಡುಹಿಡಿದದ್ದು?"

"ನಮ್ಮವ್ವ. ಅಪ್ಪನ ಪಂಚೆ ನೋಡಿ."

ಅವರಿಗೆ ಅರ್ಥ ಆಗಲಿಲ್ಲ. ನನಗೆ ಒಂದು ಕೇಳಬೇಕಿತ್ತು. ಬಾಲರಾಜ ಆಚೆ ಹೋಗಲಿ ಅಂತ ಕಾದು ಕೇಳಿದೆ. "ಅಮ್ಮಾ, ಇದು ದೃಷ್ಟಿಯಿಂದ ಬರುತ್ತಾ? ಅಪ್ಪನ ತಾಯಿ ನೋಡಿದ್ರೆ?"

"ನೋಡಿದ್ರೆ ಯಾಕೆ ಬರುತ್ತೆ? ಯಾರೂ ಬೆಳಕಲ್ಲಿ ನೋಡದೇ ಇದ್ರೆ ಕೈ ಮೀರುತ್ತೆ ಅಷ್ಟೆ. ಇನ್ನೆರಡು ದಿನ ಕಳೆದಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ."

ಏಳಕ್ಕೆ ಎರಡು ಸೇರಿದರೆ ಒಂಬತ್ತು.

ನಮ್ಮತ್ತೆ ಅವತ್ತು ಮಗು ಎತ್ತಿಕೊಂಡು, "ಇದ್ಯಾಕೆ ಅಂಜನಿ ಹೀಗಿದೆ?" ಅಂದಿದ್ದರು. ನಿನ್ನೆಯವರೆಗೆ ನನಗೆ ಆ ಮಾತು ನೆನಪೇ ಇರಲಿಲ್ಲ. ಅಂದದ್ದು ಹೌದು. ನಾನು ಮಗು ಕಿತ್ತುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದೆ.

೧೨ ಮಾರ್ಚ್, ಸೋಮವಾರ

ಒಂಬತ್ತನೇ ದಿನ.

ಬೆಳಿಗ್ಗೆ ಹತ್ತೊಂಬತ್ತು ಅಂದರು.

ಮೋನಿ ನನ್ನ ಭುಜಕ್ಕೆ ಒರಗಿ ಕೂತಿದ್ದಾಳೆ. ತಲೆ ಬಾಚಿಲ್ಲ. ನಾನು ಬಾಚಿದೆ.

ಸಂಜೆ ಆರು ಗಂಟೆ. ಇದ್ದಾಳೆ.

೧೪ ಮಾರ್ಚ್, ಬುಧವಾರ

ರಾತ್ರಿಯೇ ಮೊಲೆ ಹಿಡಿದಳಂತೆ. ಬೆಳಿಗ್ಗೆ ಹನ್ನೆರಡಕ್ಕಿಂತ ಕೆಳಗೆ ಇಳಿದಿದೆ, ದೀಪ ತೆಗೀತೀವಿ ಅಂದರು. ಪೆಟ್ಟಿಗೆಯಿಂದ ಎತ್ತಿ ನನ್ನ ಕೈಗೆ ಕೊಟ್ಟರು. ಹನ್ನೆರಡನೇ ತುಂಡು ಸುತ್ತಿ ಕಿಟಕಿಗೆ ತಗೊಂಡು ಹೋದೆ. ಮೊದಲು ಬಟ್ಟೆ ನೋಡಿದೆ. ಬಿಳಿ. ಆಮೇಲೆ ಮಗು ನೋಡಿದೆ.

ಕಪ್ಪು! ಹುರಿಯೋ ಬಾಣಲೆಯಲ್ಲಿ ಬೀಜ ಇನ್ನೇನು ಎರಡನೇ ಸಲ ಸಿಡಿಯಬೇಕು ಅನ್ನೋವಾಗ ಬರುತ್ತಲ್ಲ, ಆ ಬಣ್ಣ. ಎಣ್ಣೆಗಪ್ಪು ಅಲ್ಲ, ಅದಕ್ಕೆ ಸ್ವಲ್ಪ ಮುಂಚಿನದು.

ದೇವೀರಮ್ಮ ಬಗ್ಗಿ ನೋಡಿ, "ಅಯ್ಯೋ, ಫೋನಲ್ಲಿ ಅಷ್ಟು ಬೆಳ್ಳಗಿತ್ತಲ್ಲ ಬೀಗರೇ" ಅಂದಳು.

"ಹಾಗಾದ್ರೆ ಫೋನನ್ನೇ ತೊಟ್ಟಿಲಿಗೆ ಹಾಕವ್ವ," ಅಂದಳು ಮೋನಿ. ಹತ್ತು ದಿನದ ಮೇಲೆ ನಕ್ಕಳು ನನ್ನ ಹುಡುಗಿ.

ಬಾಲರಾಜ ಫೋನು ತೆಗೆಯಲಿಲ್ಲ. ಕಿಟಕಿ ಹತ್ತಿರ ಬಂದು ಸುಮ್ಮನೆ ನೋಡುತ್ತಾ ನಿಂತ.

ಪರಮೇಶ್ವರಪ್ಪನವರು ಹೇಳಿ ಕಳಿಸಿದ್ದಾರೆ. ನಾನು ಕೂರೋ ಕಡೆ ಹೋದ ತಿಂಗಳು ಹಾಕಿದ ಹೊಸ ಬಲ್ಬು ಹಳದಿಯಂತೆ, ನಾಳೆಯಿಂದ ಕಿಟಕಿ ಪಕ್ಕ ಕೂರಬೇಕಂತೆ.

ಮಧ್ಯಾಹ್ನ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ನನ್ನ ಮೊದಲನೆಯವಳ ಬಣ್ಣ ಏನಿತ್ತೋ. ಆ ಹಳದಿಯ ಕೆಳಗೆ ಇದ್ದದ್ದನ್ನು ನಾನು ನೋಡಲೇ ಇಲ್ಲ.

ಅಟ್ಟ ಹತ್ತಿ ಅತ್ತೆಮ್ಮನ ಫೋಟೋ ಇಳಿಸಿದೆ. ಧೂಳು ಒರೆಸಿ, ದೇ‌ವರ ಗೂಡಿನ ಪಕ್ಕದ ಗೋಡೆಗೆ ಮೊಳೆ ಹೊಡೆದೆ. ಇವರು ಬಂದು ಸ್ಟೂಲು ಹಿಡಿದುಕೊಂಡರು. ಕಪ್ಪು ಬಿಳುಪಿನ ಫೋಟೋ ಅದು. ಅತ್ತೆಮ್ಮನ ಬಣ್ಣ ಅದರಲ್ಲಿ ಗೊತ್ತಾಗಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ಮಗುವಿನ ಮೈಮೇಲೆ ಕಂಡಿತಲ್ಲ, ಅದೇ.

ದೀಪ ಹಚ್ಚಿದೆ. ಆಮೇಲೆ ಒಂದು ಲೋಟ ನೀರು ತಂದು ಫೋಟೋದ ಮುಂದೆ ಇಟ್ಟೆ. ಮಾರ್ಚ್ ಬಿಸಿಲು, ಬಾಯಾರಿರುತ್ತೆ.